ಅಜ್ಜಿಯ ಬಾಚಣಿಗೆ

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆಂದು ಬಲ್ಲವರು ಹೇಳುತ್ತಾರೆ. ನನ್ನ ತಲೆಯ ಮೇಲಿನ ಒಂದು ಲಕ್ಷದಲ್ಲಿ ಒಂದಾದರೂ ನೆಟ್ಟಗೆ ಬೆಳೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಹುಟ್ಟಿದಂದಿನಿಂದ ಅವು ಸುರುಳಿ ಸುರುಳಿಯಾಗಿ, ಒಂದರೊಳಗೊಂದು ಹೆಣೆದುಕೊಂಡು, ತಮಗೆ ತೋಚಿದ ದಿಕ್ಕಿಗೆ ಮುಖ ಮಾಡಿಕೊಂಡೇ ಇವೆ. ಕವಿಗಳು ಗುಂಗುರು ಕುರುಳನ್ನು ಕೊಂಡಾಡುವುದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಶಾಲೆಗೆ ಹೊತ್ತಾಯಿತೆಂದು ಅಳುತ್ತಿರುವ ಹುಡುಗಿಯೊಬ್ಬಳ ಗುಂಗುರು ಕುರುಳನ್ನು ಬಾಚಿ ಎರಡು ಜಡೆ ಹೆಣೆಯುವ ಕೆಲಸ ಆ ಕವಿಗಳಿಗೆ ಎಂದೂ ಬಿದ್ದಿರಲಾರದು.

ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮದು ಕೂಡುಕುಟುಂಬ. ದೊಡ್ಡಮ್ಮ, ಚಿಕ್ಕಮ್ಮ, ಅಮ್ಮ, ಮಕ್ಕಳು ಎಲ್ಲ ಸೇರಿ ಮನೆಯಲ್ಲಿ ಎರೆಯಬೇಕಾದ ಹೆಣ್ಣುತಲೆಗಳು ಒಂಬತ್ತು. ಅಜ್ಜಿಯ ತಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಶುಕ್ರವಾರ ಬೆಳಕು ಹರಿಯುವ ಮೊದಲೇ ಬಚ್ಚಲುಮನೆಯ ಹಂಡೆಯ ಕೆಳಗೆ ಉರಿ ಏಳುತ್ತಿತ್ತು. ಅಜ್ಜಿ ಮಡಿ ಹೆಂಗಸು. ನಮ್ಮನ್ನು ಮುಟ್ಟಿದರೆ ಮತ್ತೆ ಮೀಯಬೇಕು. ಆದ್ದರಿಂದ ನಮಗೆಲ್ಲ ಎರೆದು ಮುಗಿಸಿ, ಕಡೆಯಲ್ಲಿ ತಾನು ತಣ್ಣೀರು ಸುರಿದುಕೊಂಡು, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಸೀಗೆಕಾಯಿಯನ್ನು ಬೇಸಿಗೆಯ ಬಿಸಿಲಿನಲ್ಲಿ ಗಲಗಲ ಎನ್ನುವಂತೆ ಒಣಗಿಸಿ, ಮೆಂತ್ಯ, ಹೆಸರುಕಾಳು ಬೆರೆಸಿ ಕುಟ್ಟಿ, ವಸ್ತ್ರಗಾಳಿತ ಮಾಡಿ ಡಬ್ಬಿಯಲ್ಲಿ ತುಂಬಿಡುವುದು ಮಲೆನಾಡಿನ ಎಲ್ಲ ಮನೆಗಳಲ್ಲಿಯೂ ಇದ್ದ ಪದ್ಧತಿಯೇ. ನಮ್ಮ ಅಜ್ಜಿಯ ವಿಶೇಷವಿದ್ದುದು ಅದನ್ನು ಬಳಸುವ ಬಗೆಯಲ್ಲಿ. ಆಕೆಯ ಕಣ್ಣಿಗೆ ಕೂದಲೆಂಬ ಒಂದೇ ವಸ್ತು ಇರಲಿಲ್ಲ. ಚಿಕ್ಕಮ್ಮನ ಕೂದಲಿತ್ತು, ಅಮ್ಮನ ಕೂದಲಿತ್ತು, ನನ್ನ ಕೂದಲಿತ್ತು. ಚಿಕ್ಕಮ್ಮನದು ರೇಷ್ಮೆಯಂತೆ ತೆಳುವಾದ, ಬೇಗ ಜಿಡ್ಡಾಗುವ ನೀಳಗೂದಲು. ಅದಕ್ಕೆ ಎಣ್ಣೆಯನ್ನು ತೋರಿಸಿದ ಶಾಸ್ತ್ರ ಮಾಡಿ, ಅಂಟುವಾಳದ ನೊರೆಯಲ್ಲಿ ಎರಡು ಸಲ ತಿಕ್ಕುತ್ತಿದ್ದಳು. ನನ್ನ ವಿಷಯದಲ್ಲಿ ಕ್ರಮವೇ ಬೇರೆ. ಹಿಂದಿನ ರಾತ್ರಿಯೇ ತೆಂಗಿನೆಣ್ಣೆ. ಬೆಳಿಗ್ಗೆ ಸೀಗೆ ಬೀಳುತ್ತಿದ್ದುದು ನೆತ್ತಿಗೆ ಮಾತ್ರ, ಅದೂ ಸ್ವಲ್ಪವೇ. ಉಳಿದ ಕೂದಲಿಗೆಲ್ಲ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆ. ಆ ಲೋಳೆ ಇನ್ನೂ ಕೂದಲಿನಲ್ಲಿರುವಾಗಲೇ ಅಗಲ ಹಲ್ಲಿನ ಒಂದು ಮರದ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಗೇಣು ಗೇಣಾಗಿ ಮೇಲಕ್ಕೆ ಸಿಕ್ಕು ಬಿಡಿಸುತ್ತಿದ್ದಳು. “ಬುಡದಿಂದ ಎಳೆದರೆ ಗಂಟು ಬಿಗಿಯುತ್ತೆ ಮಗಾ, ತುದಿಯಿಂದ ಬಿಡಿಸಿದರೆ ಸಡಿಲುತ್ತೆ” ಎಂಬುದು ಆಕೆ ವಾರಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದ ಮಾತು. ತಲೆ ಒರೆಸಲು ಒರಟು ಟವೆಲು ಕೂಡದು. ಅಪ್ಪನ ಹಳೆಯ ಪಂಚೆಯೇ ಆಗಬೇಕು.

ಅಜ್ಜಿ ಹೇಳಿದ್ದೆಲ್ಲ ನಿಜವೆಂದು ನಾನು ವಾದಿಸುವುದಿಲ್ಲ. ನೆತ್ತಿಗೆ ಎಣ್ಣೆ ಇಳಿದರೆ ಬುದ್ಧಿ ಚುರುಕಾಗುತ್ತದೆ ಎನ್ನುತ್ತಿದ್ದಳು. ಲೀಟರುಗಟ್ಟಲೆ ಎಣ್ಣೆ ಇಳಿದರೂ ನನ್ನ ಬೀಜಗಣಿತದ ಅಂಕಗಳು ಅದನ್ನು ಸಮರ್ಥಿಸಲಿಲ್ಲ.

1967ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ವಾರ್ಷಿಕೋತ್ಸವಕ್ಕೆ ಪಂಚವಟಿಯ ನಾಟಕವೆಂದು ಗೊತ್ತಾಯಿತು. ಸೀತೆಯ ಮಾತುಗಳನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪಾತ್ರ ಹಂಚುತ್ತಿದ್ದ ಉಪಾಧ್ಯಾಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಡಿಯಲ್ಲಿಯೇ ದೃಷ್ಟಿಯನ್ನು ನಿಲ್ಲಿಸಿ, “ನೀನು ಶೂರ್ಪಣಖಿ ಆಗಮ್ಮ, ಚೌರಿಯ ಖರ್ಚು ಉಳಿಯುತ್ತದೆ” ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅವರು ಕೆಟ್ಟವರಲ್ಲ, ಆ ಮಾತನ್ನು ಅಂದು ಸಂಜೆಯೊಳಗೇ ಮರೆತಿರಬೇಕು. ಐವತ್ತೈದು ವರ್ಷಗಳ ಮೇಲಾದರೂ ನಾನು ಮರೆತಿಲ್ಲ.

ಮನೆಗೆ ಬಂದವಳೇ ದೊಡ್ಡಪ್ಪನ ಮಗಳನ್ನು ಹಿತ್ತಲಿನ ಜಗಲಿಗೆ ಕರೆದುಕೊಂಡು ಹೋದೆ. ಮಡಿಸಿದ ಬಟ್ಟೆಯ ಸುಕ್ಕನ್ನು ನೆಟ್ಟಗೆ ಮಾಡುವ ಇಸ್ತ್ರಿಪೆಟ್ಟಿಗೆ ಕೂದಲನ್ನೇಕೆ ನೆಟ್ಟಗೆ ಮಾಡಬಾರದೆಂಬುದು ನಮ್ಮಿಬ್ಬರ ತರ್ಕ. ಪೆಟ್ಟಿಗೆಗೆ ಕೆಂಡ ತುಂಬಿದೆವು. ಬಟ್ಟೆಗೆ ನೀರು ಚಿಮುಕಿಸುವಂತೆ ಕೂದಲಿಗೂ ನೀರು ಚಿಮುಕಿಸಿದೆವು. ಮಣೆಯ ಮೇಲೆ ತಲೆಯನ್ನು ಓರೆಯಾಗಿಟ್ಟು ಮಲಗಿದೆ. ಅಕ್ಕ ಪೆಟ್ಟಿಗೆಯನ್ನು ಇಳಿಸಿದಳು. ಚುಂಯ್ ಎಂಬ ಸದ್ದು, ಹಕ್ಕಿಯ ಗರಿ ಸುಟ್ಟಂಥ ನಾತ. ಎದ್ದು ನೋಡಿದರೆ ಹೆಬ್ಬೆರಳಿನಷ್ಟು ದಪ್ಪದ ಒಂದು ಎಳೆ ಮಣೆಯ ಮೇಲೆಯೇ ಉಳಿದಿತ್ತು. ಅದಂತೂ ನೆಟ್ಟಗಾಗಿತ್ತು!

ನಾತಕ್ಕೆ ಓಡಿಬಂದವಳು ಅಜ್ಜಿ. ಬೈಗುಳಕ್ಕೆ ಸಿದ್ಧಳಾಗಿ ಕಣ್ಣುಮುಚ್ಚಿ ಕುಳಿತೆ. ಅಜ್ಜಿ ಏನೂ ಅನ್ನಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಮಡಿ ಕೆಟ್ಟೀತೆಂಬುದನ್ನೂ ಎಣಿಸದೆ ನನ್ನ ಪಕ್ಕದಲ್ಲಿ ಕುಳಿತು, ಸುಟ್ಟ ತುದಿಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ತೆಗೆದಳು. ಬಾಗಿದ ಆಕೆಯ ತಲೆಯ ಮೇಲಿಂದ ಸೆರಗು ಜಾರಿತ್ತು. ನುಣ್ಣಗೆ ಬೋಳಿಸಿದ ಆ ತಲೆಯನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

“ಅಜ್ಜೀ, ನಿನ್ನ ಕೂದಲು ಹೇಗಿತ್ತು?” ಎಂದು ಕೇಳಿಬಿಟ್ಟೆ.

“ನಿನ್ನದರ ಹಾಗೇ ಇತ್ತು. ಇನ್ನೂ ಒಂದು ಸುತ್ತು ಹೆಚ್ಚು ಸಿಕ್ಕು” ಎಂದಳು ಅಜ್ಜಿ, ಕತ್ತರಿಯಿಂದ ಕಣ್ಣು ತೆಗೆಯದೆ.

ಇಪ್ಪತ್ತಾರನೆಯ ವಯಸ್ಸಿಗೆ ಮೂರು ಮಕ್ಕಳ ತಾಯಿ ಅಜ್ಜಿ ವಿಧವೆಯಾದಳು. ಗಂಡ ಸತ್ತ ಹೆಂಗಸಿನ ತಲೆ ಬೋಳಿಸುವುದು ಆಗಿನ ಕಾಲದಲ್ಲಿ ನಮ್ಮಂಥ ಮನೆಗಳಲ್ಲಿ ಧರ್ಮವೆನಿಸಿಕೊಂಡಿತ್ತು. ಆಕೆಯನ್ನು ಯಾರೂ ಕೇಳಲಿಲ್ಲ. ಕೇಳುವ ವಾಡಿಕೆಯೂ ಇರಲಿಲ್ಲ. ಕೆಲವು ವಾರಗಳಿಗೊಮ್ಮೆ ನಸುಕಿನಲ್ಲಿ ಕ್ಷೌರಿಕ ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಆ ಹೊತ್ತಿಗೆ ಮಕ್ಕಳು ಅತ್ತ ಹೋಗಕೂಡದೆಂದು ಅಮ್ಮ ಗದರುತ್ತಿದ್ದುದೇಕೆಂದು ನನಗೆ ಅಂದು ಅರ್ಥವಾಯಿತು. ಕೊಟ್ಟಿಗೆಯ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ಕುಳಿತು ನಲವತ್ತೈದು ವರ್ಷ ತಲೆಯೊಡ್ಡಿದ ಆ ಹೆಂಗಸು, ಮನೆಯ ಒಂಬತ್ತು ತಲೆಗಳ ಸಿಕ್ಕನ್ನು ಕೂದಲೊಂದು ಹರಿಯದಂತೆ ಬಿಡಿಸಿದ್ದಳು. ಆ ಮರದ ಬಾಚಣಿಗೆ ಆಕೆಗೆ ತವರಿನಿಂದ ಬಂದದ್ದು.

ನಾಟಕದಲ್ಲಿ ನಾನು ಶೂರ್ಪಣಖಿಯೇ ಆದೆ. ಚೆನ್ನಾಗಿಯೇ ಅಭಿನಯಿಸಿದೆನೆಂದು ಹೇಳಿದರು.

ಅಜ್ಜಿಯ ಕ್ರಮಕ್ಕೆ ಕಾರಣವೇನಿದ್ದೀತೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ನೆತ್ತಿಯ ಚರ್ಮ ತಾನೇ ಒಂದು ಬಗೆಯ ಜಿಡ್ಡನ್ನು ಒಸರುತ್ತದೆ. ನೆಟ್ಟಗಿನ ಕೂದಲಿನಲ್ಲಿ ಅದು ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲಿನ ತಿರುವುಗಳನ್ನು ದಾಟಲಾರದೆ ಬುಡದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಗುಂಗುರು ಕೂದಲಿನ ನೆತ್ತಿ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಸೀಗೆ ಬುಡಕ್ಕೆ, ಲೋಳೆ ತುದಿಗೆ ಎಂಬ ಅಜ್ಜಿಯ ಕಟ್ಟಳೆಯ ಗುಟ್ಟು ಇದೇ. ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಪರೆಗಳಿವೆ. ಕ್ಷಾರಗುಣದ ಸಾಬೂನು ಆ ಹೆಂಚುಗಳನ್ನು ಎಬ್ಬಿಸುತ್ತದೆ. ಸೀಗೆಯ ನೀರು ಸ್ವಲ್ಪ ಹುಳಿಯಾದುದರಿಂದ ಅಷ್ಟು ಕಾಟ ಕೊಡುವುದಿಲ್ಲ. ಸೀಗೆಯಲ್ಲಿಯೂ ಅಂಟುವಾಳದಲ್ಲಿಯೂ ನೊರೆ ಏಳಿಸುವ ಪದಾರ್ಥದ ಹೆಸರು ಸ್ಯಾಪೊನಿನ್. ಇನ್ನು ತೆಂಗಿನೆಣ್ಣೆ. ಅದನ್ನು ಸೂರ್ಯಕಾಂತಿ ಎಣ್ಣೆಯೊಂದಿಗೂ ಖನಿಜ ತೈಲದೊಂದಿಗೂ ಹೋಲಿಸಿ ರೇಲೆ ಮತ್ತು ಮೋಹಿಲೆ ಎಂಬ ವಿಜ್ಞಾನಿಗಳು 2003ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತೊಳೆಯುವಾಗ ಕೂದಲಿನ ಪ್ರೋಟೀನು ಸೋರಿಹೋಗುವುದನ್ನು ತಕ್ಕಮಟ್ಟಿಗೆ ತಡೆದದ್ದು ಆ ಮೂರರಲ್ಲಿ ತೆಂಗಿನೆಣ್ಣೆಯೊಂದೇ. ನಮ್ಮ ಇಸ್ತ್ರಿಪೆಟ್ಟಿಗೆಯ ಸಾಹಸಕ್ಕೂ ವಿವರಣೆಯಿದೆ. ಒದ್ದೆಯ ಕೂದಲಿಗೆ ಆ ಬಿಸಿ ತಗುಲಿದಾಗ ಒಳಗಿನ ನೀರು ಆವಿಯಾಗಿ ಗುಳ್ಳೆಯೆದ್ದು ಕೂದಲನ್ನು ಸೀಳುತ್ತದೆ. ಚರ್ಮದಿಂದ ಹೊರಬಂದ ಕೂದಲು ಜೀವವಿಲ್ಲದ ವಸ್ತು. ಗಾಯ ಮಾಯುವಂತೆ ಅದು ಮಾಯುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸತು ಬೆಳೆಯುವವರೆಗೆ ಕಾಯಬೇಕು. ನಾನು ಮೂರು ವರ್ಷ ಕಾದೆ.

ನೌಕರಿಗೆಂದು ನಗರಕ್ಕೆ ಬಂದಾಗ ಸೀಗೆಯೂ ಇಲ್ಲ, ದಾಸವಾಳದ ಗಿಡವೂ ಇಲ್ಲ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಮೈಸಾಬೂನನ್ನೇ ತಲೆಗೂ ಹಚ್ಚಿ, ಕೂದಲು ತೆಂಗಿನ ನಾರಿನಂತಾದ ಮೇಲೆ ಶಾಂಪೂವಿಗೆ ಶರಣಾದೆ. ಈ ಶಾಂಪೂ ಎಂಬ ಮಾತು ನಮ್ಮ ದೇಶದಿಂದಲೇ ಹೋದದ್ದು. ಒತ್ತುವುದು, ನೀವುವುದು ಎಂಬರ್ಥದ ಹಿಂದಿಯ ‘ಚಾಂಪ್ನಾ’ ಅದರ ಮೂಲ. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ ಎಂಬವರು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹವನ್ನು ತೆರೆದಾಗ ಶಾಂಪೂ ಎಂದರೆ ಮೈ ನೀವುವುದೆಂದೇ ಅರ್ಥವಿತ್ತು. ಅದು ಸೀಸೆಯೊಳಗೆ ಸೇರಿ ಮರಳಿ ಬಂದದ್ದು ಅನಂತರ.

ಕಳೆದ ತಿಂಗಳು ನನ್ನ ಮೊಮ್ಮಗಳು ರಜೆಗೆ ಬಂದಳು. ಹದಿನಾಲ್ಕು ವರ್ಷ, ತಲೆಯ ತುಂಬ ನನ್ನದೇ ಕೂದಲು. ಮದುವೆಯೊಂದರ ಹೊತ್ತಿಗೆ ಕೂದಲನ್ನು ರಾಸಾಯನಿಕದಿಂದ ನೆಟ್ಟಗೆ ಮಾಡಿಸಿಕೊಳ್ಳಬೇಕೆಂಬುದು ಅವಳ ಬೇಡಿಕೆ. ಬೇಡವೆನ್ನಲು ಇಸ್ತ್ರಿಪೆಟ್ಟಿಗೆಯ ಇತಿಹಾಸವಿದ್ದ ನನಗೆ ನಾಲಿಗೆ ಬರಲಿಲ್ಲ. ತಿಳಿದದ್ದನ್ನು ಮಾತ್ರ ಹೇಳಿದೆ. ಅಂಥ ಕೆಲವು ದ್ರಾವಣಗಳನ್ನು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಡುತ್ತದೆ. ಅದು ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ನಿರ್ಣಯಿಸಿದೆ. “ಹಾಗಾದರೆ ಬೇರೆ ಏನು ಹಚ್ಚಲಿ?” ಎಂದಳು. ಇಬ್ಬರೂ ಅಂಗಡಿಗೆ ಹೋದೆವು.

ಒಂದು ಗೋಡೆಯ ತುಂಬ ಸೀಸೆಗಳು. ಮುಂಭಾಗದಲ್ಲಿ ಹೂವು, ಹಣ್ಣು, ಜಲಪಾತ. ಅವಳು ಪರಿಮಳ ನೋಡುತ್ತಿದ್ದಳು. ನಾನು ಕನ್ನಡಕ ಏರಿಸಿ ಸೀಸೆಯ ಬೆನ್ನನ್ನು ಓದಿದೆ. ಹೆಚ್ಚು ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ಆಮೇಲೆ ಎಂಬ ಕ್ರಮದಲ್ಲಿ ಅಲ್ಲಿ ಹೆಸರುಗಳಿರುತ್ತವೆ. ಮುಂಭಾಗದಲ್ಲಿ ದೊಡ್ಡದಾಗಿ ಅರಳಿದ್ದ ದಾಸವಾಳ ಒಂದು ಸೀಸೆಯ ಬೆನ್ನಿನಲ್ಲಿ ಕಡೆಯಿಂದ ಮೂರನೆಯದಾಗಿತ್ತು. ಕೂದಲಿಗೆ ಜೀವ ತುಂಬುತ್ತೇವೆಂದು ಬರೆದಿದ್ದುದನ್ನು ಕೆಳಗಿಟ್ಟೆವು. ‘ನೈಸರ್ಗಿಕ’ ಎಂಬ ಪದಕ್ಕೂ ನಾನು ಮಣಿಯಲಿಲ್ಲ. ಸೀಗೆಯೂ ನೈಸರ್ಗಿಕವೇ, ಅದು ಕಣ್ಣಿಗೆ ಬಿದ್ದ ಶುಕ್ರವಾರಗಳನ್ನು ನಾನು ಬಲ್ಲೆ. ಸಲ್ಫೇಟಿನ ಖಾರವಿಲ್ಲದ ಒಂದು ಶಾಂಪೂ, ತೊಳೆದ ಮೇಲೆ ತುದಿಗಳಿಗೆ ಸವರುವ ಒಂದು ಕಂಡಿಷನರು, ಎರಡರಲ್ಲಿಯೂ ಚಿಕ್ಕ ಸೀಸೆಗಳನ್ನೇ ಕೊಂಡೆವು. ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ನೋಡಿದೆವು. ತುರಿಕೆಯೇನೂ ಬರಲಿಲ್ಲ.

ಮದುವೆಗೆ ಏನು ಮಾಡುವಳೋ ಅವಳಿನ್ನೂ ಹೇಳಿಲ್ಲ. ಭಾನುವಾರ ತಲೆಗೆ ಎರೆದು, ಕಂಡಿಷನರು ಇನ್ನೂ ಕೂದಲಿನಲ್ಲಿರುವಾಗಲೇ ಅವಳನ್ನು ಮುಂದೆ ಕೂರಿಸಿಕೊಂಡು ತುದಿಯಿಂದ ಸಿಕ್ಕು ಬಿಡಿಸತೊಡಗಿದೆ. ಅವಳು ಕೈ ಹಿಂದೆ ಚಾಚಿ ಬಾಚಣಿಗೆಯನ್ನು ತಡವಿ, “ಇದರ ಹಲ್ಲು ಎರಡು ಮುರಿದಿದೆಯಲ್ಲ ಅಜ್ಜಿ, ಯಾರದ್ದು ಇದು?” ಎಂದಳು.

ಹೇಳಲು ಆರಂಭಿಸಿದೆ. ಇನ್ನೂ ಅರ್ಧ ತಲೆ ಬಾಕಿಯಿತ್ತು.