ಮುಲ್ಲಾಮಾರಿಯ ದಂಡೆಯ ಎರಡು ದನಿಗಳು

ಕಲಬುರಗಿಯಿಂದ ಚಿಂಚೋಳಿಯ ಕಡೆಗೆ ಹೊರಟ ಬಸ್ಸು ಊರಿನ ಎಲ್ಲೆಯನ್ನು ದಾಟಿತೆಂದರೆ ಕಣ್ಣು ಹಾಯುವವರೆಗೂ ಕರಿಯ ನೆಲ. ಅದು ಜನವರಿಯ ಕೊನೆಯ ವಾರ. ತೊಗರಿಯ ರಾಶಿ ಮುಗಿದು, ಹೊಲಗಳಲ್ಲಿ ಕೊಯ್ದುಳಿದ ಕೂಳೆಗಳು ಮಾತ್ರ ನಿಂತಿದ್ದವು. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದರ ರುಚಿಯನ್ನು ಬಲ್ಲವರಿಗೆ ಆ ಮುದ್ರೆಯ ಅಗತ್ಯವೇನೂ ಇರಲಿಲ್ಲವೆನ್ನಿ. ನನ್ನ ತೊಡೆಯ ಮೇಲೆ ಒಂದು ಭಾರವಾದ ಚೀಲವಿತ್ತು. ಅದರೊಳಗೆ ಲ್ಯಾಪ್‌ಟಾಪ್, ಒಂದು ಮೈಕು, ಒಂದು ಹೆಡ್‌ಫೋನು, ಟವೆಲಿನಲ್ಲಿ ಸುತ್ತಿದ ಹಳೆಯ ಕ್ಯಾಸೆಟ್ ಯಂತ್ರ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಇಣುಕಿ ನೋಡಿ, "ರೇಡಿಯೋ ರಿಪೇರಿ ಮಾಡವ್ರೇನ್ರಿ?" ಎಂದು ವಿಚಾರಿಸಿದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನೆಂದು ತಿಳಿಸಿದೆ. ಅವರು ನನ್ನ ಮುಖವನ್ನೂ ಚೀಲವನ್ನೂ ಮತ್ತೊಮ್ಮೆ ನೋಡಿ ಸುಮ್ಮನಾದರು.

ನಾನು ಇಳಿಯಬೇಕಾದದ್ದು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ. ಮುಲ್ಲಾಮಾರಿ ನದಿಯ ದಂಡೆಯ ಊರು ಇದು. ಮಳೆಗಾಲದಲ್ಲಿ ನಾಗರಾಳದ ಜಲಾಶಯದಿಂದ ನೀರು ಬಿಟ್ಟರೆಂದರೆ ದಂಡೆಯ ಜನ ರಾತ್ರಿಯೆಲ್ಲ ಎಚ್ಚರವಾಗಿರಬೇಕಾಗುತ್ತದೆ. ನಾನು ಹೋದಾಗ ಮಾತ್ರ ನದಿ ಬಡವಾಗಿ, ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಿತ್ತು. ಈ ಮುಲ್ಲಾಮಾರಿ ಕಾಗಿಣಾ ನದಿಯನ್ನು ಕೂಡುತ್ತದೆ. ಕಾಗಿಣಾ ಭೀಮೆಯನ್ನು, ಭೀಮೆ ಕೃಷ್ಣೆಯನ್ನು. ಕಾಗಿಣಾದ ದಂಡೆಯಲ್ಲೇ, ಸೇಡಂ ತಾಲ್ಲೂಕಿನಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವಿದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಪುಸ್ತಕ ಹಿಡಿಯದ ಈ ನಾಡಿನ ಜನರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೊಗಳಿದೆ. ತರಗತಿಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೆನೋ! ಅದರ ಅರ್ಥ ತಿಳಿದದ್ದು ಈ ಪ್ರಯಾಣದಲ್ಲಿ.

ಕ್ಯಾಸೆಟ್ಟಿನೊಳಗಿನ ಸಾಹೇಬರು

ನನ್ನನ್ನು ಇಲ್ಲಿಗೆ ಕರೆದವನು ನನ್ನ ವಿದ್ಯಾರ್ಥಿ. ಅವನ ಮುತ್ಯಾ ತತ್ತ್ವಪದಗಳನ್ನು ಹಾಡುವವರು. ಎಂಬತ್ತರ ಆಸುಪಾಸಿನ ವಯಸ್ಸು. ಯೌವನದಿಂದಲೂ ಅವರ ಜೊತೆಯಲ್ಲಿ ಹಾಡುತ್ತಿದ್ದವರೊಬ್ಬರಿದ್ದರು. ಊರವರೆಲ್ಲ ಅವರನ್ನು 'ಸಾಹೇಬ' ಎಂದೇ ಕರೆಯುತ್ತಿದ್ದರು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯಬಳಗದಲ್ಲಿ ಚೆನ್ನೂರು ಜಲಾಲಸಾಹೇಬರಿದ್ದರೆಂಬುದನ್ನು ಬಲ್ಲವರಿಗೆ, ಈ ಸೀಮೆಯ ಭಜನೆಯ ಚಾಪೆಯ ಮೇಲೆ ಯಾರ ಪಕ್ಕದಲ್ಲಿ ಯಾರು ಕುಳಿತರೂ ಸಹಜವೆಂದೇ ತೋರುತ್ತದೆ. ಸಾಹೇಬರು ತೀರಿಕೊಂಡು ಹಲವು ವರ್ಷಗಳಾಗಿವೆ. ಉಳಿದದ್ದು ಒಂದೇ ಒಂದು ಕ್ಯಾಸೆಟ್.

ಆ ಕ್ಯಾಸೆಟ್ಟಿನದೇ ಒಂದು ಸಂಕಟ. ಯಾರೋ ಬಂಧುಗಳು ಟೇಪ್ ರೆಕಾರ್ಡರ್ ತಂದಿದ್ದ ಆ ರಾತ್ರಿ, ಮುತ್ಯಾ ಊರಿನಲ್ಲಿ ಇರಲಿಲ್ಲ. ಮಗಳ ಮನೆಗೆ ಹೋಗಿದ್ದರು. ಸಾಹೇಬರು ಒಬ್ಬರೇ ಹಾಡಿದರು. ಪ್ರತಿ ನುಡಿಯ ಕೊನೆಯಲ್ಲಿ, ಜೊತೆಗಾರ ಎತ್ತಿಕೊಳ್ಳುವಷ್ಟು ಹೊತ್ತು, ಅಭ್ಯಾಸಬಲದಿಂದ ನಿಂತು ಮುಂದುವರಿದಿದ್ದಾರೆ. ಆ ತೆರವುಗಳಲ್ಲಿ ದಮ್ಮಡಿ ಮಾತ್ರ ನುಡಿಯುತ್ತದೆ.

"ಆ ಒಂದ್ ರಾತ್ರಿ ನಾ ಇರಲಿಲ್ರಿ," ಎಂದು ಮುತ್ಯಾ ಮೊದಲ ಭೇಟಿಯಲ್ಲೇ ನನಗೆ ಹೇಳಿದರು. "ನಿಮ್ಮ ಮಿಷನ್‌ದಾಗ ನನ್ನ ಅಲ್ಲಿ ಕೂಡ್ಸಾಕ ಬರ್ತದಂತ ಮೊಮ್ಮಗ ಹೇಳ್ತಾನ. ಖರೇ ಏನ್ರಿ?"

ಬರುತ್ತದೆ ಎಂದೆ. ಎರಡು ಮೂರು ವರ್ಷಗಳಿಂದ ರಾತ್ರಿಯ ಹೊತ್ತು ಮನೆಯ ಕಂಪ್ಯೂಟರಿನಲ್ಲಿ ಧ್ವನಿ ಕೂಡಿಸುವ ಹವ್ಯಾಸ ನನಗೆ ಅಂಟಿಕೊಂಡಿತ್ತು. ಅಡಾಸಿಟಿ ಎಂಬ ತಂತ್ರಾಂಶವನ್ನು 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಎಂಬವರು ತೊಡಗಿಸಿ, 2000ದಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ಹಿಂದೆ ದೊಡ್ಡ ಸ್ಟುಡಿಯೋಗಳಲ್ಲಿ ಮಾತ್ರ ಸಾಧ್ಯವಾಗಿದ್ದ ಕೆಲಸವನ್ನು ಈಗ ಬಡ ಅಧ್ಯಾಪಕನೂ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಾಡಬಹುದು. ಮಾಡಬಹುದು ಎಂಬುದಕ್ಕೂ ಮಾಡಬಲ್ಲ ಎಂಬುದಕ್ಕೂ ಇರುವ ಅಂತರ ಆಮೇಲೆ ತಿಳಿಯಿತು.

ಶ್ರುತಿಯ ಶೋಧ

ಕ್ಯಾಸೆಟ್ಟು ಮನೆಯ ಹೊಸಿಲನ್ನು ದಾಟಕೂಡದೆಂಬುದು ಮುತ್ಯಾ ಅವರ ಕಟ್ಟಳೆ. ಹಾಗಾಗಿಯೇ ನಾನು ಯಂತ್ರವನ್ನು ಹೊತ್ತು ತಂದದ್ದು. ತಂತಿಯ ಮೂಲಕ ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲದು. ಅದರ ಇಮ್ಮಡಿಗಿಂತ ತುಸು ಹೆಚ್ಚು ಸಲ ಅಳೆದರೆ ಕೇಳುವ ಸ್ವರಗಳು ಯಾವುವೂ ತಪ್ಪಿಹೋಗುವುದಿಲ್ಲವೆಂಬುದು ಈ ಲೆಕ್ಕದ ಹಿಂದಿನ ತತ್ತ್ವ.

ಮೊದಲ ತೊಡಕು ಶ್ರುತಿಯದು. "ಸಾಹೇಬ ಯಾವತ್ತೂ ಕರಿ ಎರಡರಾಗ ಹಾಡವ. ಇದು ಇಳದದ," ಎಂದರು ಮುತ್ಯಾ, ಎರಡು ಸಾಲು ಕೇಳುತ್ತಲೇ. ಅದೃಷ್ಟಕ್ಕೆ ಅಂದು ನುಡಿಸಿದ ಪೇಟಿ ಇನ್ನೂ ಆ ಮನೆಯಲ್ಲೇ ಇತ್ತು. ಮೊಮ್ಮಗ ಅದನ್ನು ತಂದು ಧೂಳೊರೆಸಿ, ಕರಿ ಎರಡನ್ನು ಒತ್ತಿ ಹಿಡಿದ. ತಂತ್ರಾಂಶ ತೋರಿಸಿದ್ದು ಸೆಕೆಂಡಿಗೆ ಸುಮಾರು 311 ಕಂಪನ. ಕ್ಯಾಸೆಟ್ಟಿನೊಳಗೆ ಅದೇ ಪೇಟಿ 293ರ ಹತ್ತಿರ, ಅಂದರೆ ಬಿಳಿ ಎರಡರಲ್ಲಿ, ನುಡಿಯುತ್ತಿತ್ತು. ಒಂದೇ ಮನೆಯ ವ್ಯತ್ಯಾಸ. ನೂರಕ್ಕೆ ಸುಮಾರು ಆರು. ಅಂದು ಹಾಡನ್ನು ಹಿಡಿದ ಯಂತ್ರ ಬೇಗ ಓಡಿರಬೇಕು, ಇಲ್ಲವೆ ನನ್ನ ಯಂತ್ರ ನಿಧಾನವಾಗಿ ಓಡುತ್ತಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ತಂತ್ರಾಂಶದಲ್ಲಿ ಶ್ರುತಿಯನ್ನು ಮಾತ್ರ ಏರಿಸುವ ಉಪಾಯವೂ ಉಂಟು, ವೇಗವನ್ನೇ ಏರಿಸುವ ಉಪಾಯವೂ ಉಂಟು. ನಾಡಾ ತಪ್ಪು ವೇಗದಲ್ಲಿ ಓಡಿದಾಗ ಶ್ರುತಿಯೂ ಲಯವೂ ಒಟ್ಟಿಗೇ ಇಳಿದಿರುತ್ತವೆ. ಆದ್ದರಿಂದ ವೇಗವನ್ನೇ ನೂರಕ್ಕೆ ಆರರಷ್ಟು ಏರಿಸಬೇಕು. ಹಾಗೆ ಮಾಡಿದೊಡನೆ ಸಾಹೇಬರ ದನಿ ಹತ್ತು ವರ್ಷ ಚಿಕ್ಕದಾಯಿತು. ಮುತ್ಯಾ ತಲೆ ಎತ್ತಿ, "ಈಗ ಬಂದ್ನೋಡ್ರಿ!" ಎಂದರು. ಉಪಕರಣ ಅಂಕಿಯನ್ನು ಕೊಟ್ಟಿತು. ದೋಷವನ್ನು ಹಿಡಿದದ್ದು ಪುಸ್ತಕ ಹಿಡಿಯದ ಕಿವಿ.

ಫರಸಿಯೂ ಕೌದಿಯೂ

ಇನ್ನು ಮುತ್ಯಾ ಅವರ ದನಿಯನ್ನು ಹಿಡಿಯಬೇಕು. ಸಾಹೇಬರ ಹಾಡು ಅವರ ಕಿವಿಗೆ ಮಾತ್ರ ಕೇಳಬೇಕು, ಮೈಕಿಗೆ ಕೇಳಕೂಡದು, ಅದಕ್ಕಾಗಿ ಹೆಡ್‌ಫೋನು. ಆದರೆ ಮನೆಯ ನೆಲವೆಲ್ಲ ಶಹಾಬಾದ ಫರಸಿ. ಈ ಸೀಮೆಯ ಬೇಸಗೆಗೆ ಅದಕ್ಕಿಂತ ತಂಪಾದ ಹಾಸುಗಲ್ಲಿಲ್ಲ. ದನಿಗೆ ಮಾತ್ರ ಅದು ಕನ್ನಡಿಯಿದ್ದಂತೆ. ಹಾಡಿದ್ದೆಲ್ಲ ಪುಟಿದು ಬಂದು ಮೈಕಿಗೆ ಎರಡೆರಡು ಸಲ ತಾಗುತ್ತದೆ. ಒಮ್ಮೆ ಹಿಡಿದ ದನಿಯೊಳಕ್ಕೆ ಸೇರಿಕೊಂಡ ಈ ಪ್ರತಿಧ್ವನಿಯನ್ನು ಆಮೇಲೆ ತೆಗೆಯುವುದು ಬಲು ಕಷ್ಟ.

ನನ್ನ ಪೇಚಾಟವನ್ನು ಕಂಡು ಮನೆಯ ಆಯಿ ಒಳಗಿನಿಂದ ಕೌದಿಗಳನ್ನು ತಂದು ಹಾಕಿದರು. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹೊಲಿದ ಆ ಹೊದಿಕೆಗಳನ್ನು ಎರಡು ಗೋಡೆಗೆ ತೂಗುಹಾಕಿ, ಮೂರನ್ನು ನೆಲಕ್ಕೆ ಹಾಸಿದೆವು. ಕೋಣೆ ತಟ್ಟನೆ ಮೌನವಾಯಿತು. ಯಾವ ಸ್ಟುಡಿಯೋದ ಗೋಡೆಗೂ ಇಷ್ಟು ಬಣ್ಣಗಳಿರಲಾರವು. ಮುತ್ಯಾ ಹೆಡ್‌ಫೋನಿನ ಒಂದು ಬಟ್ಟಲನ್ನು ಮಾತ್ರ ಕಿವಿಗಿಟ್ಟುಕೊಂಡು, ಇನ್ನೊಂದನ್ನು ಕೆನ್ನೆಗೆ ಸರಿಸಿ, ಕಣ್ಣು ಮುಚ್ಚಿ ಹಾಡಿದರು. ಆ ತೆರವುಗಳೆಲ್ಲ ಒಂದೊಂದಾಗಿ ತುಂಬಿಬಂದವು.

ನನ್ನ ಜಾಣತನ

ಕಲಬುರಗಿಗೆ ಮರಳಿ ಮೂರು ವಾರ ಕುಳಿತೆ. ಹೊಸ ದನಿ ಕಂಪ್ಯೂಟರಿನೊಳಗೆ ಹೋಗಿ ಬರುವಷ್ಟರಲ್ಲಿ ತುಸು ಹಿಂದೆ ಬಿದ್ದಿರುತ್ತದೆ. ಅದನ್ನು ಸರಿಸಿ ದಮ್ಮಡಿಯ ಪೆಟ್ಟಿಗೆ ಕೂಡಿಸಿದೆ. ಕ್ಯಾಸೆಟ್ಟಿನ 'ಸುಯ್' ಎನ್ನುವ ಸದ್ದನ್ನು ಕಳೆಯುವ ಬಗೆ ಹೀಗೆ: ಹಾಡಿಗೆ ಮುಂಚಿನ ಮೌನದ ಒಂದು ತುಣುಕನ್ನು ತಂತ್ರಾಂಶಕ್ಕೆ ತೋರಿಸಿದರೆ, ಅಂಥದೇ ಸದ್ದನ್ನು ಅದು ಹಾಡಿನುದ್ದಕ್ಕೂ ತಗ್ಗಿಸುತ್ತದೆ. ನಾನು 24 ಡೆಸಿಬೆಲ್ ತಗ್ಗಿಸಿದೆ. ಸಾಲುಗಳ ನಡುವಿನ ಉಸಿರಿನ ಸದ್ದುಗಳನ್ನೂ ಒಂದು ಕೆಮ್ಮನ್ನೂ ಕತ್ತರಿಸಿದೆ. ಏರಿಳಿತವನ್ನು ಸಮನಾಗಿಸುವ ಕಂಪ್ರೆಸರ್ ಹಾಕಿದೆ. ಮುತ್ಯಾ ಅವರ ದನಿ ಹೊಸದು, ಸ್ವಚ್ಛ; ಸಾಹೇಬರದು ಹಳೆಯದು, ಮಂಕು. ಆದ್ದರಿಂದ ಮುತ್ಯಾರನ್ನು ಮುಂದಿಟ್ಟು, ಸಾಹೇಬರನ್ನು 6 ಡೆಸಿಬೆಲ್ ಇಳಿಸಿ, ದೇವಸ್ಥಾನದ ಮಂಟಪದಲ್ಲಿ ಹಾಡಿದಂತೆ ತುಸು ಕೃತಕ ಗುಂಗನ್ನೂ ಬೆರೆಸಿದೆ. ಕೇಳಿದ ಸಹೋದ್ಯೋಗಿಗಳು ಭೇಷ್ ಎಂದರು.

ಶಿವರಾತ್ರಿ ಕಳೆದ ಮೇಲೆ ಎರಡನೆಯ ಸಲ ಚಿಮ್ಮನಚೋಡಕ್ಕೆ ಹೋದೆ. ಪಡಸಾಲೆಯ ತುಂಬ ಜನ ಸೇರಿದ್ದರು; ಸಾಹೇಬರ ಮಗಳೂ ಬಂದು ಬಾಗಿಲ ಬಳಿ ಕುಳಿತಿದ್ದರು. ಹಾಡು ಮುಗಿಯಿತು. ಎಲ್ಲರೂ ಮುತ್ಯಾ ಅವರ ಮುಖ ನೋಡಿದರು. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ಚೊಲೋ ಮಾಡೀರಿ ಸರ," ಎಂದರು ಕಡೆಗೆ. "ಆದ್ರ ಸಾಹೇಬ ನನ್ನ ಹಿಂದ ಎಂದೂ ಹಾಡಿಲ್ರಿ. ಅವ ಮುಂದ, ನಾ ಹಿಂದ. ನೀವು ಅವನ್ನ ಒಯ್ದು ಬಾಗಲದಾಗ ಕೂಡ್ಸೀರಿ."

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು: "ಮತ್ತ ಅವನ ಉಸಿರು ಎಲ್ಲಿ ಹೋತ್ರಿ? ಅವ ಉಸಿರು ತಗೊಂಡ್ನಂದ್ರ ನಾ ಏಳ್ತಿದ್ದೆ. ನಲವತ್ತು ವರ್ಷ ಅದೇ ನನಗ ತಾಳ."

ಮೂಲಪಾಠ

ನಾನು ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯನ್ನು ಕಲಿಸುವವನು. ತಾಳೆಗರಿಯಲ್ಲಿ ಅರ್ಥವಾಗದ ಪದ ಬಂದರೆ ಅದು ಲಿಪಿಕಾರನ ದೋಷವೆಂದು ದುಡುಕಿ ತಿದ್ದಬಾರದು, ಮೂಲಕವಿಯ ಮಾತೇ ಆಗಿರಬಹುದು ಎಂದು ವರ್ಷವರ್ಷವೂ ಎಚ್ಚರಿಸುತ್ತೇನೆ. ಅಂಥ ನಾನೇ ಒಬ್ಬ ಹಾಡುಗಾರನ ಉಸಿರನ್ನು ದೋಷವೆಂದು ಕತ್ತರಿಸಿ ಎಸೆದಿದ್ದೆ! ದನಿಗಳನ್ನು ಕೂಡಿಸುವವನು ಗುಂಡಿ ತಿರುಗಿಸುವಾಗ ಸದ್ದನ್ನು ಮಾತ್ರ ಏರಿಸಿ ಇಳಿಸುವುದಿಲ್ಲ. ಯಾರು ಹಿರಿಯ, ಯಾರು ಜೊತೆಗಾರ ಎಂಬುದನ್ನೂ ತೀರ್ಮಾನಿಸುತ್ತಾನೆ. ಭಜನೆಯಲ್ಲಿ ಈ ತೀರ್ಮಾನವನ್ನು ಚಾಪೆಯೇ ಮಾಡುತ್ತದೆ. ಗ್ರಾಮಫೋನಿನ ಆರಂಭದ ದಿನಗಳಲ್ಲಿಯೂ ಹಾಗೆಯೇ: ಒಂದೇ ಒಂದು ಕೊಳವೆಯ ಮುಂದೆ ಗಾಯಕನನ್ನು ಹತ್ತಿರವೂ ವಾದ್ಯಗಾರರನ್ನು ದೂರವೂ ನಿಲ್ಲಿಸಿ ಹದ ಮಾಡುತ್ತಿದ್ದರು. ಕುಳಿತ ಜಾಗವೇ ಮಿಶ್ರಣ. ನಾನು ಆ ಜಾಗವನ್ನು ಕೇಳಿ ತಿಳಿಯದೆ ಕೆಲಸಕ್ಕೆ ಕೂತಿದ್ದೆ.

"ಮುತ್ಯಾ, ನೀವು ಎಲ್ಲಿ ಕೂಡ್ತಿದ್ರಿ?" ಎಂದು ಈಗ ಕೇಳಿದೆ. ಅವರು ಎದ್ದು ಬಂದು ಚಾಪೆಯ ಮೇಲೆ ಕೈಯಿಟ್ಟು ತೋರಿಸಿದರು: ಸಾಹೇಬ ಇಲ್ಲಿ, ನಡುವೆ, ತಾವು ಅವರ ಬಲಕ್ಕೆ, ಒಂದು ಮೊಣಕಾಲಿನಷ್ಟು ಹಿಂದೆ.

ಅದೃಷ್ಟವಶಾತ್ ಮೂಲಪ್ರತಿಯನ್ನು ಬೇರೆಯಾಗಿ ಉಳಿಸಿಕೊಂಡಿದ್ದೆ. ಆ ರಾತ್ರಿ ಅದೇ ಪಡಸಾಲೆಯಲ್ಲಿ ಕುಳಿತು, ಜೋಡಿಸಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಕಟ್ಟಿದೆ. ಉಸಿರುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು, ಕೆಮ್ಮು ಕೂಡ. ಸದ್ದು ಕಳೆಯುವುದನ್ನು 8 ಡೆಸಿಬೆಲ್ಲಿಗೆ ನಿಲ್ಲಿಸಿದೆ. 24 ಕಳೆದಾಗ ಸಾಹೇಬರ ದನಿ ಕೊಡದೊಳಗಿನಿಂದ ಬಂದಂತೆ ಆಗಿತ್ತೆಂಬುದು ಈಗಷ್ಟೇ ನನ್ನ ಕಿವಿಗೆ ಬಿತ್ತು. ಗುಂಗನ್ನು ತೆಗೆದೆ. ಸಾಹೇಬರನ್ನು ನಡುವೆ ಕೂರಿಸಿ, ಮುತ್ಯಾರನ್ನು ಬಲಕ್ಕೆ ಸರಿಸಿ, 3 ಡೆಸಿಬೆಲ್ ಕೆಳಗಿಟ್ಟೆ. ಹಳೆಯ ನಾಡಾದ ಮಂಕು ಅಷ್ಟರಿಂದ ಹೋಗಲಿಲ್ಲ. ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಹಾಡು ಮತ್ತೆ ಎದ್ದಿತು. ಮೊದಲ ನುಡಿಯ ಕೊನೆಗೆ ಸಾಹೇಬರು ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಮುತ್ಯಾ ಬಾಯಿ ತೆರೆದು, ಯಂತ್ರದೊಳಗಿನ ತಮ್ಮದೇ ದನಿಯೊಡನೆ, ಅದಕ್ಕಿಂತ ಒಂದು ಎಳೆ ಮೊದಲೇ, ಹಾಡತೊಡಗಿದರು. ಬಾಗಿಲ ಬಳಿ ಸಾಹೇಬರ ಮಗಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೇಳುತ್ತಿದ್ದರು. ಕೊನೆಯಲ್ಲಿ ಕೆಮ್ಮು ಬಂದಾಗ, "ಅಪ್ಪಾರು ಹಿಂಗೇ ಕೆಮ್ತಿದ್ರು," ಎಂದರು.

ಮರುದಿನ ಎರಡು ಮನೆಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟು ಬಂದೆ. ಪ್ರತಿಯೊಂದರಲ್ಲಿಯೂ ಎರಡೆರಡು ಹಾಡುಗಳಿವೆ. ಒಂದು, ಕ್ಯಾಸೆಟ್ಟಿನಿಂದ ಇಳಿಸಿದ್ದು. ಸಾಹೇಬರು ಒಬ್ಬರೇ ಹಾಡಿದ್ದು, ಏನೂ ಮುಟ್ಟದ್ದು. ಇನ್ನೊಂದು, ಇಬ್ಬರೂ ಕೂಡಿದ್ದು. ಎರಡನೆಯದು ಯಾವ ರಾತ್ರಿಯೂ ನಡೆದ ಹಾಡಲ್ಲ; ಮುತ್ಯಾ ಅವರ ದನಿ ಆಮೇಲೆ ಸೇರಿಸಿದ್ದು ಎಂಬುದನ್ನು ಹಾಡಿನ ಹೆಸರಿನ ಜೊತೆಯಲ್ಲೇ ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ಸಂಪಾದಕ ಇದನ್ನು ಕಂಡು ಪ್ರಕ್ಷಿಪ್ತವೆಂದರೆ ಅವನ ಮಾತು ಸರಿಯೇ. ಸಾಹೇಬರು ಅಂದು ಬಿಟ್ಟುಕೊಟ್ಟಿದ್ದ ಜಾಗದಲ್ಲೇ ಆ ದನಿ ಕುಳಿತಿದೆಯೆಂಬುದನ್ನು ಮಾತ್ರ ಅವನೂ ಒಪ್ಪಬೇಕಾದೀತು.

ಬಸ್ಸು ಮುಲ್ಲಾಮಾರಿಯ ಸೇತುವೆಯನ್ನು ದಾಟುವಾಗ ಕಿಟಕಿಯಿಂದ ನೋಡಿದೆ. ಬೇಸಗೆ ಹತ್ತಿರವಾಗಿತ್ತು. ನೀರು ಇನ್ನಷ್ಟು ಇಳಿದಿತ್ತು, ಆದರೂ ಕಾಗಿಣಾದ ಕಡೆಗೇ ಹರಿಯುತ್ತಿತ್ತು.