ಹನ್ನೊಂದನೇ ಸಾಲಿನ ತಕರಾರು

ನರಗುಂದದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಬೆಳಗಿನ ಬ್ಯಾಚು ಶುರುವಾಗಿ ಅರ್ಧ ತಾಸಾಗಿತ್ತು. ಕರೆಂಟು ಒಮ್ಮೆ ಹೋಗಿ ಬಂದಿತ್ತು, ಚಹಾ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ: “ಸರ, ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ಓಡವಲ್ದು.”

ಮಾಸ್ತರರ ಸಿಟ್ಟು ನೆತ್ತಿಗೇರಿದ್ದು ಕೋಡ್ ಓಡಲಿಲ್ಲವೆಂದಲ್ಲ, ‘ಎಲ್ಲಾ ಬರೋಬ್ಬರಿ’ ಎಂಬ ಆ ಮಾತಿಗೆ. ಬರೋಬ್ಬರಿ ಇದ್ದರೆ ಓಡಬೇಕಲ್ಲ! ಪರದೆಯ ಮೇಲೆ ಪೈಥಾನ್ ಹನ್ನೊಂದನೇ ಸಾಲಿನತ್ತ ಬೆರಳು ತೋರಿಸುತ್ತಿತ್ತು. ಹುಡುಗ ಆ ಸಾಲನ್ನು ಅಳಿಸಿ ಬರೆದು, ಮತ್ತೆ ಅಳಿಸಿ ಬರೆದು ಸುಸ್ತಾಗಿದ್ದ. ಆ ಸಾಲು ಪಾಪ, ಏನೂ ಮಾಡಿರಲಿಲ್ಲ. ಹತ್ತನೇ ಸಾಲಿನಲ್ಲಿ ತೆರೆದ ಬ್ರಾಕೆಟ್ಟನ್ನು ಮುಚ್ಚಿರಲಿಲ್ಲ, ಅಷ್ಟೇ.

ಯಂತ್ರ ತೋರಿಸುವುದು ತಾನು ಎಡವಿ ಬಿದ್ದ ಜಾಗವನ್ನು. ಕಲ್ಲು ಇದ್ದದ್ದು ಎರಡು ಹೆಜ್ಜೆ ಹಿಂದೆ. ಬ್ರಾಕೆಟ್ ತೆರೆದೇ ಇದ್ದಾಗ ಮುಂದಿನ ಸಾಲೂ ಅದೇ ವಾಕ್ಯದ ಭಾಗವೆಂದು ಅದು ನಂಬಿ ಓದುತ್ತದೆ. ಓದಿ ಓದಿ ಇನ್ನು ಅರ್ಥವೇ ಆಗದು ಎನ್ನುವಲ್ಲಿ ಕೂಗುತ್ತದೆ. ಸಿ ಭಾಷೆಯಲ್ಲಿ ಸೆಮಿಕೋಲನ್ ಬಿಟ್ಟಾಗಲೂ ಇದೇ ಕಥೆ, ದೂರು ಬರುವುದು ಬಹಳ ಸಲ ಮುಂದಿನ ಸಾಲಿನ ಮೇಲೆ. 2021ರಲ್ಲಿ ಬಂದ ಪೈಥಾನ್ 3.10ರಿಂದ ಈಚೆಗೆ ಸ್ವಲ್ಪ ಪುಣ್ಯ ಬಂದಿದೆ: ‘ಇಲ್ಲಿ ತೆರೆದ ಬ್ರಾಕೆಟ್ ಮುಚ್ಚಿಯೇ ಇಲ್ಲ’ ಎಂದು ಸರಿಯಾದ ಸಾಲನ್ನೇ ತೋರಿಸುತ್ತದೆ. ಆದರೆ ಅದು ಹೊಸದನ್ನು ಹಾಕಿಕೊಂಡವರಿಗೆ. ಈ ಕ್ಲಾಸಿನ ಯಂತ್ರಗಳು ಹಳೆಯವು, ಅವಕ್ಕೆ ಹಳೆಯ ಬುದ್ಧಿ.

ತೆರೆದದ್ದನ್ನು ಮುಚ್ಚಿ, ಟ್ಯಾಬು ಸ್ಪೇಸು ಬೆರೆಸಬೇಡಿ, ಇಫ್ ಸಾಲಿನ ಕೊನೆಗೆ ಕೋಲನ್ ಇಡಿ, ಹೋಲಿಸುವಲ್ಲಿ ಒಂದು ಸಮ ಚಿಹ್ನೆ ಸಾಲದು ಎರಡು ಬೇಕು — ಇವೆಲ್ಲ ಯಾವ ಪುಸ್ತಕದ ಮೊದಲ ಅಧ್ಯಾಯದಲ್ಲೂ ಸಿಗುತ್ತವೆ, ಯಾರೂ ಓದುವುದಿಲ್ಲ. ಸಿಯಂಥ ಭಾಷೆ ಒಮ್ಮೆಗೇ ಇಪ್ಪತ್ತು ತಪ್ಪು ತೋರಿಸಿದರೆ ಗಾಬರಿಯಾಗದೆ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಓಡಿಸಿ ನೋಡಬೇಕು. ಉಳಿದ ಹತ್ತೊಂಬತ್ತರಲ್ಲಿ ಬಹುಪಾಲು ಅದರ ಮಕ್ಕಳು ಮರಿಗಳೇ. ಇದಿಷ್ಟು ಸಾಕು.

ಮಾಸ್ತರರಿಗೆ ಹುಚ್ಚು ಹಿಡಿಸುವುದು ಬೇರೆ ಜಾತಿಯ ತಪ್ಪು: ಕಣ್ಣಿಗೆ ಕಾಣದ್ದು. ವರ್ಡಿನಲ್ಲಿ ಬರೆದಿಟ್ಟ ನೋಟ್ಸಿನಿಂದ ಕೋಡನ್ನು ಎತ್ತಿ ತಂದು ಅಂಟಿಸುತ್ತಾರೆ. ವರ್ಡು ಚಂದಕ್ಕೆಂದು ನೆಟ್ಟನೆಯ ಉದ್ಧರಣ ಚಿಹ್ನೆಯನ್ನು ಬಾಗಿಸಿ, ಆರು ಒಂಬತ್ತರ ಆಕಾರಕ್ಕೆ ತಂದಿರುತ್ತದೆ. ಮದುವೆ ಪತ್ರಿಕೆಗೆ ಅದು ಶೋಭೆ. ಪೈಥಾನಿಗೆ ಅದು ಉದ್ಧರಣ ಚಿಹ್ನೆಯೇ ಅಲ್ಲ, ಯಾವುದೋ ಗುರುತಿಲ್ಲದ ಅಕ್ಷರ. ಮೊಬೈಲಿನ ಕೀಲಿಮಣೆಗೂ ಈ ಶೋಕಿ ಅಂಟಿದೆ. ಪಿಡಿಎಫ್‌ನಿಂದ ಎತ್ತಿದರೆ ಇನ್ನೂ ಚಂದ: ಸಾಲಿನ ಮುಂದಿನ ಖಾಲಿ ಜಾಗವೆಲ್ಲ ಮಾಯ, ಪುಟದ ಸಂಖ್ಯೆ ಮಾತ್ರ ನಡುವೆ ಬಂದು ಕೂತಿರುತ್ತದೆ. ಖಾಲಿ ಜಾಗವೇ ವ್ಯಾಕರಣವಾಗಿರುವ ಭಾಷೆಯಲ್ಲಿ ಅದನ್ನು ಕಳೆದುಕೊಂಡರೆ ಉಳಿಯುವುದೇನು?

ಇನ್ನು ಕನ್ನಡದವರಿಗೆಂದೇ ಮೀಸಲಾದ ಒಂದು ಪೀಡೆಯಿದೆ. 2008ರ ಪೈಥಾನ್ 3ರಿಂದ ಚರಾಕ್ಷರಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ‘ಹತ್ತಿ_ದರ’ ಎಂದು ಬರೆದು ಅದಕ್ಕೊಂದು ಬೆಲೆ ಕೊಟ್ಟರೆ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ, ‘ಗೋವಿನಜೋಳ’ವನ್ನೂ ಒಪ್ಪುತ್ತದೆ. ಈ ಎರಿ ಸೀಮೆಯ ಹುಡುಗರಿಗೆ ಅದೆಷ್ಟು ಖುಷಿ! ಖುಷಿಯಲ್ಲೇ ಒಬ್ಬಳು ‘ಮಾರ್ಕೆಟ್‌ದರ’ ಎಂದು ಬರೆದಳು. ಹೊಡೆಯಿತು ಬೊಬ್ಬೆ. ಅಕ್ಷರಗಳೆಲ್ಲ ಸರಿ, ಕಾಗುಣಿತ ಸರಿ. ದೂರು ಮಾತ್ರ ‘ಮುದ್ರಿಸಲಾಗದ ಅಕ್ಷರ, ಯು+200ಸಿ’.

ಯಾವುದು ಈ ಮಹಾಶಯ? ‘ಸಾಫ್ಟ್‌ವೇರ್’ ಎಂಬ ಪದವನ್ನೇ ನೋಡಿ. ಟ ಮತ್ತು ವೇ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಅಡಗಿ ಕೂತಿದೆ, ಅವೆರಡನ್ನೂ ಒತ್ತಕ್ಷರವಾಗದಂತೆ ದೂರ ಹಿಡಿದಿದೆ. ಅದನ್ನು ತೆಗೆದರೆ ‘ಸಾಫ್ಟ್ವೇರ್’ ಎಂಬ ಮುದ್ದೆಯಾಗುತ್ತದೆ. ಜೀರೊ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಪೂರ್ತಿ ಹೆಸರು. ರಾಜ್‌ಕುಮಾರ್ ಎಂದು ಬರೆಯುವಾಗೆಲ್ಲ ಕನ್ನಡಿಗರು ತಮಗರಿವಿಲ್ಲದೆ ಅದನ್ನು ಬಳಸುತ್ತಾರೆ. ಉದ್ಧರಣ ಚಿಹ್ನೆಯ ಒಳಗೆ ಎಷ್ಟು ಬೇಕಾದರೂ ಇರಲಿ, ಪೈಥಾನ್ ಸುಮ್ಮನಿರುತ್ತದೆ. ಹೆಸರಿನೊಳಗೆ ನುಸುಳಿದರೆ ಬಾಗಿಲಲ್ಲೇ ತಡೆಯುತ್ತದೆ. ಅಂಕಿಯ ವಿಷಯದಲ್ಲೂ ಪೈಥಾನಿನದು ಇದೇ ಇಬ್ಬಂದಿತನ. ಕೋಡಿನಲ್ಲಿ ನೇರವಾಗಿ ೧೨ ಎಂದು ಬರೆದರೆ ಗೊತ್ತಿಲ್ಲ ಎನ್ನುತ್ತದೆ. ಅದನ್ನೇ ಉದ್ಧರಣೆಯೊಳಗಿಟ್ಟು ಸಂಖ್ಯೆಯಾಗಿಸು ಎಂದರೆ ಮರುಮಾತಿಲ್ಲದೆ ಹನ್ನೆರಡು ಎನ್ನುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ತಂದು ಸುರಿದವರ ಪಾಡಂತೂ ಹೇಳುವುದೇ ಬೇಡ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಉಳಿಯುತ್ತದೆ. ಆದ್ದರಿಂದ ಮಾಸ್ತರರ ಕ್ಲಾಸಿನಲ್ಲಿ ಕಟ್ಟಪ್ಪಣೆ: ಎತ್ತಿ ಅಂಟಿಸುವಂತಿಲ್ಲ, ಕೈಯಾರೆ ಒತ್ತಬೇಕು, ಅಂಟಿಸಲೇಬೇಕಾದರೆ ನೋಟ್‌ಪ್ಯಾಡಿನಂಥ ಸಾದಾ ಜಾಗದಲ್ಲಿ ಒಮ್ಮೆ ಸುರಿದು ಬಾಗಿದ ಚಿಹ್ನೆಗಳನ್ನು ತಿದ್ದಿ ತರಬೇಕು. ಹುಡುಗರು ಹೂಂ ಅನ್ನುತ್ತಾರೆ. ಮಾಸ್ತರರು ಬೆನ್ನು ತಿರುಗಿಸಿದ ಕೂಡಲೇ ಅಂಟಿಸುತ್ತಾರೆ.

ಕೈಯಾರೆ ಬರೆಯುವ ಮಾತು ಬಂದರೆ ಈ ಗದಗ ಜಿಲ್ಲೆಯಲ್ಲಿ ಒಬ್ಬನ ಹೆಸರು ಬಾರದೆ ಹೋಗದು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ, ತಾನು ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಮಿಂದು ಬಂದು ಉಟ್ಟ ಒದ್ದೆ ಬಟ್ಟೆ ಒಣಗುವ ತನಕವಷ್ಟೇ ಬರೆಯುತ್ತಿದ್ದ ಎಂಬುದು ಜನರ ಕಥೆ. ಬರೆದದ್ದೇನು ಸಡಿಲ ಗದ್ಯವೇ? ಭಾಮಿನಿ ಷಟ್ಪದಿ. ಆರು ಸಾಲು, ಒಂದು, ಎರಡು, ನಾಲ್ಕು, ಐದರಲ್ಲಿ 14 ಮಾತ್ರೆ, ಮೂರು ಮತ್ತು ಆರರಲ್ಲಿ 23, ಒಟ್ಟು 102. ಮೂರು ನಾಲ್ಕು, ಮೂರು ನಾಲ್ಕು ಎಂದೇ ಗಣಗಳು ನಡೆಯಬೇಕು, ಎರಡನೆಯ ಅಕ್ಷರದ ಪ್ರಾಸ ಆರೂ ಸಾಲಿಗೆ ಕೂಡಬೇಕು. ಒಂದು ದೀರ್ಘ ಜಾಸ್ತಿಯಾದರೆ ಪದ್ಯ ಕುಂಟುತ್ತದೆ. ಅಂಥವು ಎಂಟು ಸಾವಿರದಷ್ಟು, ಬ್ಯಾಕ್‌ಸ್ಪೇಸ್ ಇಲ್ಲದೆ!

ಮಾಸ್ತರರು ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು: “ಅವ್ರು ಓಡ್ಸಿ ನೋಡಿದ್ರೇನ್ರಿ ಸರ?” ಉತ್ತರ ಸಿದ್ಧವಿತ್ತು. ಐದಾರು ನೂರು ವರ್ಷದಿಂದ ಗಮಕಿಗಳು ಓಡಿಸುತ್ತಲೇ ಇದ್ದಾರೆ.

ಹಾಗೆ ನೋಡಿದರೆ ಯಂತ್ರ ಬೊಬ್ಬೆ ಹೊಡೆಯುವ ತಪ್ಪು ಪರಮ ಸಾಧು. ಓಡುವುದೇ ಇಲ್ಲವಾದ್ದರಿಂದ ಯಾರಿಗೂ ಕೇಡಿಲ್ಲ. ಒಪ್ಪಿಕೊಂಡು ಓಡುವ ತಪ್ಪಿಗೆ ಹೆದರಬೇಕು. 1962ರ ಜುಲೈ 22ರಂದು ಶುಕ್ರ ಗ್ರಹದ ಕಡೆಗೆಂದು ಅಮೆರಿಕ ಹಾರಿಸಿದ ಮ್ಯಾರಿನರ್ 1 ದಾರಿ ತಪ್ಪಿತು, 293 ಸೆಕೆಂಡಿನಲ್ಲಿ ಅದನ್ನು ನೆಲದಿಂದಲೇ ನಾಶಮಾಡಬೇಕಾಯಿತು. ಮಾರ್ಗದರ್ಶನದ ಸೂಚನೆಗಳಲ್ಲಿ ಒಂದು ಸಣ್ಣ ಗೆರೆ ಬಿಟ್ಟುಹೋದದ್ದು ಅದರ ಕಾರಣಗಳಲ್ಲೊಂದು. ಯಂತ್ರ ಯಾವ ಸಾಲಿನ ಮೇಲೂ ದೂರು ಹೇಳಿರಲಿಲ್ಲ.

ನರಗುಂದದಿಂದ ಶುಕ್ರ ಗ್ರಹ ಬಹಳ ದೂರ. ತಹಶೀಲ್ದಾರ್ ಕಚೇರಿ ಹತ್ತಿರ. 1980ರ ಜುಲೈ 21ರಂದು ಮಲಪ್ರಭೆಯ ಅಚ್ಚುಕಟ್ಟಿನ ರೈತರು ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಸೇರಿದ್ದು ಆ ಕಚೇರಿಯ ಮುಂದೆಯೇ. ಗೋಲಿಬಾರಿಗೆ ವೀರಪ್ಪ ಕಡ್ಲಿಕೊಪ್ಪ ಬಲಿಯಾದದ್ದು ಆ ದಿನವೇ. ಇಂದಿನ ರೈತರ ತಕರಾರು ಬೇರೆ, ಅದು ಅಕ್ಷರದ ತಕರಾರು. ಹಿಂದೆ ತಲಾಟಿ ಕೈಯಲ್ಲಿ ಬರೆಯುತ್ತಿದ್ದ ಜಮೀನಿನ ಉತಾರ, ಸರ್ಕಾರದ ‘ಭೂಮಿ’ ಯೋಜನೆಯಿಂದಾಗಿ ಕಂಪ್ಯೂಟರಿಗೆ ಬಂತು. ಇಂದಿನ ಯಾವನೋ ಒಬ್ಬ ರೈತ ಅದರಲ್ಲಿ ಕನ್ನಡದಲ್ಲಿ ವೀರಪ್ಪ. ಆಧಾರಿನಲ್ಲಿ ಇಂಗ್ಲಿಷಿನ ಒಂದು ಕಾಗುಣಿತ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಈ ಕಡೆಯ ಬಾಯಲ್ಲಿ ವೀರಪ್ಪ ಸಲೀಸಾಗಿ ಈರಪ್ಪನಾಗುತ್ತಾನೆ, ರೇಷನ್ ಕಾರ್ಡಿನಲ್ಲಿ ಹಾಗೆಯೇ ಕೂತಿರುತ್ತಾನೆ. ಊರಿಗೆ ಅವನು ಒಬ್ಬನೇ, ಯಂತ್ರಕ್ಕೆ ನಾಲ್ವರು. ಹೆಸರು ಬಿತ್ತಿದವನಿಗೆ ಹೆಸರೇ ಕೈಕೊಟ್ಟರೆ ಬೆಳೆ ವಿಮೆ, ಪರಿಹಾರ ಎಲ್ಲ ಅಲ್ಲೇ ನಿಲ್ಲುತ್ತವೆ.

“ಯಾವ ಅಕ್ಷರ ತಪ್ಪೈತ್ರಿ ಸಾಹೇಬ್ರ?” ಎಂದು ಕೇಳಿದರೆ ಕೌಂಟರಿನ ಆಚೆಯವರಿಗೂ ತಿಳಿಯದು, ಪರದೆ ‘ಹೊಂದಾಣಿಕೆ ಆಗುತ್ತಿಲ್ಲ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿರುತ್ತದೆ. ಹೋಲಿಸಿ ನೋಡಿದರೆ ಪೈಥಾನ್ ಎಷ್ಟೋ ಮರ್ಯಾದಸ್ಥ. ತಪ್ಪಾದರೂ ಒಂದು ಸಾಲನ್ನು ತೋರಿಸುತ್ತದೆ, ಕಾಣದ ಅಕ್ಷರದ ನಂಬರನ್ನೂ ಹೇಳುತ್ತದೆ. ಕಚೇರಿಗಳಿಗೆ ಸಾಫ್ಟ್‌ವೇರ್ ಬರೆಯುವವರು, ಅವರಲ್ಲಿ ಈ ತಾಲೂಕಿನಿಂದ ಬೆಂಗಳೂರಿಗೆ ಹೋದವರೂ ಇದ್ದಾರು, ಅಷ್ಟನ್ನಾದರೂ ಮಾಡಲಿ: ಎರಡೂ ಹೆಸರುಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಬೇರೆಯಾಗಿವೆ, ಯಾವ ಕಾಗದ ತಂದರೆ ಸರಿಹೋಗುತ್ತದೆ ಎಂದು ಕನ್ನಡದಲ್ಲಿ ಎರಡು ಸಾಲು ತೋರಿಸಲಿ.