ಹನ್ನೆರಡು ಅಡಿಯ ರೈಲುದಾರಿ

ಎಪ್ಪತ್ತು ದಾಟಿದವರು ಏನನ್ನಾದರೂ ಮುಗಿಸುತ್ತಿದ್ದಾರೆ ಎಂದರೆ ಲೋಕ ಸುಲಭವಾಗಿ ಒಪ್ಪುತ್ತದೆ; ಏನನ್ನಾದರೂ ಆರಂಭಿಸುತ್ತಿದ್ದಾರೆ ಎಂದರೆ ಹುಬ್ಬೇರಿಸುತ್ತದೆ. ನಾವು ಹೊಸ ಲೇಔಟ್ ಒಂದನ್ನು ಮಾಡಲು ತೊಡಗಿದ್ದೇವೆಂಬ ಸುದ್ದಿ ಕಳೆದ ದೀಪಾವಳಿಯ ಹೊತ್ತಿಗೆ ಸೊಲ್ಲಾಪುರದ ಕನ್ನಡ ಬಂಧುಗಳಲ್ಲಿ ಹರಡಿದಾಗ, ಇಬ್ಬರು ಹಿರಿಯರು ಮನೆಗೇ ಬಂದು ನಿವೇಶನದ ದರವೆಷ್ಟು, ಜಮೀನು ಎನ್.ಎ. ಆಗಿದೆಯೇ ಎಂದು ವಿಚಾರಿಸಿದರು. ನಮ್ಮ ಲೇಔಟಿನ ಉದ್ದ 12 ಅಡಿ, ಅಗಲ ಒಂದೂವರೆ ಅಡಿ, ಅದರಲ್ಲಿ ಮಾರಲು ಏನೂ ಇಲ್ಲ ಎಂದು ತಿಳಿದ ಬಳಿಕ ಅವರು ನಮ್ಮ ಆರೋಗ್ಯದ ಬಗ್ಗೆ ಎರಡು ಮಾತು ಕೇಳಿ ಹೊರಟುಹೋದರು.

ಮಾದರಿ ರೈಲು ಕಟ್ಟುವವರ ಮಾತಿನಲ್ಲಿ ಲೇಔಟ್ ಎಂದರೆ ಹಳಿ, ನಿಲ್ದಾಣ, ಕೈಮರ, ಗಿಡಮರ, ಜನ, ದನ ಎಲ್ಲವನ್ನೂ ಒಳಗೊಂಡ ಒಂದು ಪುಟ್ಟ ಸೀಮೆ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ಕೀಲಿ ಕೊಟ್ಟರೆ ಓಡುವ ಗಾಡಿಯನ್ನೂ ಬೇಕಾದಂತೆ ಜೋಡಿಸಬಹುದಾದ ಹಳಿಗಳನ್ನೂ ತೋರಿಸಿದ್ದು ಈ ಹವ್ಯಾಸದ ಒಂದು ಮೈಲಿಗಲ್ಲು. 1920ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ಅವರ ಗಾಡಿಗಳು ಬಂದವು. ನಮ್ಮ ನೆರೆಯ ಪುಣೆಯಲ್ಲಿ ಭಾವೂ ಜೋಶಿಯವರು ತಮ್ಮ ಜೀವಮಾನದ ಆಸಕ್ತಿಯನ್ನು ಧಾರೆಯೆರೆದು ಕಟ್ಟಿದ ಕಿರುರೈಲು ಸಂಗ್ರಹಾಲಯ 1998ರಿಂದ ಜನರಿಗೆ ತೆರೆದಿದೆ. ಸಂಘದ ಮಕ್ಕಳನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಬೇಕು. ಇದು ಆಟಿಕೆಯೇ ಎಂದು ಕೇಳುವವರಿಗೆ ಆ ಕೋಣೆಯೇ ಉತ್ತರ.

ನಮ್ಮ ಮೊದಲ ಲೇಔಟ್ 1979ರದ್ದು. ವಿದೇಶದಿಂದ ಬಂದ ಬಂಧುವೊಬ್ಬರು ಕೊಟ್ಟ ಒಂದು ಇಂಗ್ಲಿಷ್ ಎಂಜಿನ್, ಮೂರು ಡಬ್ಬಿ, ಒಂದು ವರ್ತುಲದಷ್ಟು ಹಳಿ. ಆರು ಅಡಿಗೆ ನಾಲ್ಕು ಅಡಿಯ ಪ್ಲೈವುಡ್. ಜೊತೆಗೆ ಒಬ್ಬ ಗೆಳೆಯರು. ಅವರು ಬಟ್ಟೆ ಗಿರಣಿಯೊಂದರ ವಿದ್ಯುತ್ ವಿಭಾಗದಲ್ಲಿದ್ದವರು. ಮನೆಯಲ್ಲಿ ತೆಲುಗು, ಗಿರಣಿಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ: ಸೊಲ್ಲಾಪುರದ ಮನುಷ್ಯ ಎಂದರೆ ಹೀಗೆಯೇ. ಗೋಡೆಯ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸಿ, ಏಕಮುಖ ಪ್ರವಾಹವಾಗಿಸಿ, ಗುಂಡಿ ತಿರುಗಿಸಿದಂತೆ ಗಾಡಿಯ ವೇಗ ಏರಿಳಿಯುವ ಪೆಟ್ಟಿಗೆಯನ್ನು ಅವರೇ ಮಾಡಿದ್ದರು. ಭಾನುವಾರಗಳಂದು ಗಾಡಿ ಸುತ್ತು ಹೊಡೆಯುವುದನ್ನು ನೋಡುತ್ತ ಅವರು ಹೇಳುತ್ತಿದ್ದ ಮಾತು ಒಂದೇ: “ಇದು ಇಂಗ್ಲೆಂಡಿನ ಗಾಡಿ ಸರ್. ಎಷ್ಟು ತಿರುಗಿದ್ರೂ ನಿಮ್ಮ ಊರಿಗೆ ಹೋಗಂಗಿಲ್ಲ.”

1991ರಲ್ಲಿ ನಾವು ಬಾಡಿಗೆಗಿದ್ದ ವಾಡೆಯನ್ನು ಕೆಡವಿದರು. ಹೊಸ ಮನೆಯಲ್ಲಿ ಪ್ಲೈವುಡ್ಡಿಗೆ ಜಾಗವಿರಲಿಲ್ಲ. ಮುಖ್ಯೋಪಾಧ್ಯಾಯಿಕೆಯ ಜವಾಬ್ದಾರಿಯಲ್ಲಿ ಭಾನುವಾರಗಳೂ ಉಳಿಯಲಿಲ್ಲ. ಗಾಡಿ ತಗಡಿನ ಟ್ರಂಕನ್ನು ಸೇರಿ ಅಟ್ಟವೇರಿತು. ಗೆಳೆಯರ ಗಿರಣಿಯೂ ಮುಚ್ಚಿತು. ಆ ಕಾಲದ ಸೊಲ್ಲಾಪುರದಲ್ಲಿ ಹಾಗೆ ಮುಚ್ಚಿದ್ದು ಅದೊಂದೇ ಅಲ್ಲ. ಎರಡು ವರ್ಷಗಳ ಹಿಂದೆ ಅವರು ತೀರಿಕೊಂಡರು. ದಿನಕರ್ಮಗಳು ಮುಗಿದ ಮೇಲೆ ಅವರ ಮಗ ಒಂದು ಚೀಲವನ್ನು ತಂದು ನಮ್ಮ ಮುಂದಿಟ್ಟರು. ಒಳಗೆ ಅದೇ ಪೆಟ್ಟಿಗೆ. ಅದನ್ನು ಹಳೆಯ ಚಾದರದ ತುಂಡಿನಲ್ಲಿ ಸುತ್ತಿಟ್ಟಿದ್ದರು. “ಅಪ್ಪ ವರ್ಷಕ್ಕೊಮ್ಮೆ ಇದನ್ನ ಚಾಲೂ ಮಾಡಿ ನೋಡತಿದ್ರು” ಎಂದರು. ಆ ರಾತ್ರಿ ನಾವು ಅಟ್ಟದಿಂದ ಟ್ರಂಕನ್ನು ಇಳಿಸಿದೆವು.

ಮೂವತ್ತು ವರ್ಷ ಮುಚ್ಚಿಟ್ಟ ಗಾಡಿಯ ಸ್ಥಿತಿ ಹೇಗಿರುತ್ತದೆಂದು ಹೇಳಿದರೆ, ಮನೆಯ ಅಟ್ಟದಲ್ಲಿ ಅಂಥದೇ ಪೆಟ್ಟಿಗೆಯಿರುವ ಓದುಗರಿಗೆ ಉಪಯೋಗವಾದೀತು. ಉಕ್ಕಿನ ಹಳಿಗಳು ತುಕ್ಕು ತಿಂದಿದ್ದವು. ಅವನ್ನು ಗುಜರಿಗೆ ಹಾಕಿದೆವು. ಎಂಜಿನ್ನಿನ ಹಲ್ಲುಚಕ್ರಗಳ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಅದನ್ನು ಕಡ್ಡಿಯಿಂದ ಕೆರೆದು ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದೇ ತೊಟ್ಟು ಬಿಟ್ಟೆವು. ಮೋಟಾರಿನಲ್ಲಿ ತಿರುಗುವ ತಾಮ್ರದ ಉರುಳೆ ಕಪ್ಪಾಗಿತ್ತು, ಅದನ್ನೂ ಒರೆಸಿದೆವು. ಗೆಳೆಯರ ಪೆಟ್ಟಿಗೆಯಿಂದ ಎರಡು ತಂತಿ ಎಳೆದು ಗುಂಡಿ ತಿರುಗಿಸಿದಾಗ ಚಕ್ರಗಳು ಮೊದಲು ನಡುಗಿ, ಆಮೇಲೆ ತಿರುಗಿದವು. ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ನಿಂತಿದ್ದರು. ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಹಳೆಯ ವರ್ತುಲವನ್ನೇ ಮತ್ತೆ ಕಟ್ಟಬಹುದಿತ್ತು. ಆದರೆ ಗೆಳೆಯರ ಮಾತು ಕಿವಿಯಲ್ಲಿತ್ತು. ಈ ಸಲ ಗಾಡಿ ನಮ್ಮ ಊರಿಗೆ ಹೋಗಲೇಬೇಕೆಂದು ನಿಶ್ಚಯಿಸಿದೆವು. ನಮ್ಮ ಊರ ದಾರಿ ಎಂದರೆ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಯ ಮೂಲಕ ಗದಗಕ್ಕೆ ಹೋಗುವ ಮೀಟರ್‌ಗೇಜ್ ದಾರಿ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಅದನ್ನು ಹಾಕಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಎಂ. ಎಸ್. ಎಂ. ಎನಿಸಿತು. ಗಡಿಯಾಚೆ ಉಳಿದ ನಮ್ಮಂಥ ಕುಟುಂಬಗಳಿಗೆ ಬೀಗತನ, ಜಾತ್ರೆ, ಓದು, ಉದ್ಯೋಗ ಎಲ್ಲವೂ ಆ ಹಳಿಯ ಮೇಲೆಯೇ ಹೋಗಿಬಂದವು. ಭೀಮಾನದಿಯನ್ನು ದಾಟಿ ಮುಂದೆ ಸಾಗಿದಂತೆ ಕಿಟಕಿಯಲ್ಲಿ ಲಚ್ಯಾಣ, ಇಂಡಿ ರೋಡ್, ನಿಂಬಾಳ ಎಂದು ಕನ್ನಡದ ಫಲಕಗಳು ಒಂದೊಂದಾಗಿ ಬರುತ್ತಿದ್ದವು. ಶಾಲೆಗೆ ಸೇರುವ ಮೊದಲೇ ನಾವು ಓದಿದ ಕನ್ನಡ ಆ ಫಲಕಗಳದ್ದು. 1992ರಲ್ಲಿ ರೈಲ್ವೆ ಇಲಾಖೆ ದೇಶದ ಹಳಿಗಳೆಲ್ಲ ಒಂದೇ ಅಗಲದವಾಗಬೇಕೆಂಬ ಯುನಿಗೇಜ್ ಯೋಜನೆಯನ್ನು ಕೈಗೊಂಡಿತು. ಮುಂದಿನ ವರ್ಷಗಳಲ್ಲಿ ನಮ್ಮ ದಾರಿಯೂ ಬ್ರಾಡ್‌ಗೇಜ್ ಆಯಿತು. ಅದು ಒಳ್ಳೆಯದೇ, ಇಂದು ವಿಜಯಪುರದವರು ಗಾಡಿ ಬದಲಿಸದೆ ಮುಂಬಯಿಗೆ ಹೋಗಬಲ್ಲರು. ಆದರೂ ಆ ಹಳೆಯ ಗಾಡಿಯ ನಡಿಗೆಯನ್ನು ಬಲ್ಲವರು ಈಗ ಸಂಘದಲ್ಲಿಯೂ ಕಡಿಮೆ.

ಮಾದರಿ ರೈಲಿನಲ್ಲಿ ಮೊದಲ ನಿರ್ಧಾರ ಪ್ರಮಾಣದ್ದು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಪ್ರಮಾಣದಲ್ಲಿ ನಿಜದ 87 ಅಡಿ ಮಾದರಿಯಲ್ಲಿ ಒಂದು ಅಡಿ. ಹಳಿಗಳ ನಡುವಣ ಅಂತರ 16.5 ಮಿ.ಮೀ. ಇದು ಯುರೋಪಿನ 1435 ಮಿ.ಮೀ. ಗೇಜಿನ ಲೆಕ್ಕ. ನಮ್ಮ ಮೀಟರ್‌ಗೇಜ್ 1000 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ ಸುಮಾರು 11.5. ಇದಕ್ಕೆ ಹತ್ತಿರವಾದ 12 ಮಿ.ಮೀ. ಹಳಿ ಹೊರದೇಶಗಳಲ್ಲಿ ದೊರೆಯುತ್ತದೆ. ಆದರೆ ಅದನ್ನು ತರಿಸಿದರೆ ಹಳೆಯ ಎಂಜಿನ್ ಅದರ ಮೇಲೆ ನಿಲ್ಲುವುದಿಲ್ಲ. ಆಗ ಲೆಕ್ಕವನ್ನು ತಿರುವಿ ಹಾಕಿದೆವು. ಹಳಿಯ ಅಳತೆಯನ್ನು ಹಾಗೆಯೇ ಇಟ್ಟು ಪ್ರಮಾಣವನ್ನೇ ಬದಲಿಸಿದರೆ? 16.5ನ್ನು 60ರಿಂದ ಗುಣಿಸಿದರೆ 990. ಹತ್ತು ಮಿಲಿಮೀಟರ್ ಕೊರತೆಯಿರುವ ಮೀಟರ್‌ಗೇಜ್! ಅರುವತ್ತಕ್ಕೆ ಒಂದರ ಪ್ರಮಾಣದಲ್ಲಿ ಹಳೆಯ ಚಕ್ರ, ಹಳೆಯ ಮೋಟಾರು ಎಲ್ಲವೂ ಉಳಿದವು. ಮೇಲಿನ ಒಡಲು ಮಾತ್ರ ಹೊಸದಾಗಬೇಕು. ಹೊಸ ಹಳಿ ನಿಕಲ್‌ಸಿಲ್ವರ್‌ನದು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್, ಸತುಗಳ ಮಿಶ್ರಲೋಹ. ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ.

ಪ್ರಮಾಣ ದೊಡ್ಡದಾದ ಕೂಡಲೇ ಸ್ಥಳ ಕಿರಿದಾಯಿತು. ಹತ್ತೊಂಬತ್ತು ಮೀಟರಿನಷ್ಟು ಉದ್ದದ ಡಬ್ಬಿ ನಮ್ಮಲ್ಲಿ 32 ಸೆಂ.ಮೀ. ಆಗುತ್ತದೆ, ಅದು ಹಳೆಯ ಇಕ್ಕಟ್ಟಾದ ತಿರುವಿನಲ್ಲಿ ತಿರುಗುವಂತಿಲ್ಲ. ಆದ್ದರಿಂದ ವರ್ತುಲವನ್ನು ಬಿಟ್ಟು ಗೋಡೆಗುಂಟ ಒಂದು ಹಲಗೆ ಹಾಕಿಸಿದೆವು. ಗಾಡಿ ಒಂದು ತುದಿಯ ಮರೆಯಿಂದ ಬರುತ್ತದೆ, ನಿಲ್ದಾಣದಲ್ಲಿ ನಿಲ್ಲುತ್ತದೆ, ಇನ್ನೊಂದು ತುದಿಯ ಮರೆಗೆ ಸರಿಯುತ್ತದೆ. ಹಲಗೆಯ 12 ಅಡಿ ಎಂದರೆ ನಿಜದ 720 ಅಡಿ ಮಾತ್ರ; ಯಾವ ಸಣ್ಣ ನಿಲ್ದಾಣದ ಅಂಗಳವೂ ಅದರಲ್ಲಿ ಪೂರ್ತಿ ಹಿಡಿಸದು. ಹತ್ತು ಡಬ್ಬಿಯ ಗಾಡಿ ಮೂರು ಡಬ್ಬಿಯದಾಯಿತು. ಭೀಮೆಯ ಸೇತುವೆಯನ್ನು ಬಿಡಬೇಕಾಯಿತು. ಹೀಗೆ ಯಾವುದನ್ನು ಬಿಟ್ಟರೂ ಸೀಮೆ ತನ್ನ ಗುರುತು ಕಳೆದುಕೊಳ್ಳುವುದಿಲ್ಲ, ಯಾವುದನ್ನು ಬಿಟ್ಟರೆ ಕಳೆದುಕೊಳ್ಳುತ್ತದೆ ಎಂದು ಆರಿಸುವುದೇ ಈ ಕೆಲಸದ ಕಠಿಣ ಭಾಗ. ಗಡಿನಾಡಿನಲ್ಲಿ ಬಾಳುವವರು ಈ ಲೆಕ್ಕವನ್ನು ದಿನನಿತ್ಯ ಮಾಡುತ್ತಲೇ ಇರುತ್ತಾರೆ.

ನಿಲ್ದಾಣವಾಗಿ ನಿಂಬಾಳವನ್ನು ಆರಿಸಿದೆವು. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಗುರುದೇವ ರಾನಡೆಯವರ (1886–1957) ಆಶ್ರಮ ಆ ಊರಿನಲ್ಲಿದೆ. ಮರಾಠಿ ಸಂತರ ಮೇಲೆಯೂ ಕನ್ನಡ ಸಂತರ ಮೇಲೆಯೂ ಒಂದೇ ಭಕ್ತಿಯಿಂದ ಗ್ರಂಥ ಬರೆದವರ ಊರು ನಮ್ಮ ಹಲಗೆಗೆ ತಕ್ಕದ್ದೆನಿಸಿತು.

ಕೆಲಸ ನಿಧಾನ. ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಭೂತಗನ್ನಡಿ ಬೇಕು; ಕೈ ನಡುಗುವುದರಿಂದ ಬೆಳಗಿನ ಒಂದು ತಾಸು ಮಾತ್ರ ನಂಬಬಹುದು. ವೈಪಿ ವರ್ಗದ ಉಗಿ ಎಂಜಿನ್ನಿನ ಒಡಲನ್ನು ರಟ್ಟಿನಿಂದ ಕಟ್ಟುತ್ತಿದ್ದೇವೆ. ಗೋಡೆಗಳು ಹಳೆಯ ಲಗ್ನಪತ್ರಿಕೆಗಳವು. ಹಳಿಯ ನಡುವಿನ ಕಡಿಗೆ ಕಲ್ಲಿನ ಪುಡಿಯನ್ನು ಚಹಾ ಸೋಸುವ ಜಾಳಿಗೆಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲಿನಿಂದ ಕೂಡಿಸಿದ್ದೇವೆ. ಏಳು ಅಡಿಯ ಬಿಳಿಜೋಳ ಮೂರೂವರೆ ಸೆಂ.ಮೀ. ಆಗಬೇಕು, ಹಳೆಯ ತೆಂಗಿನ ನಾರಿನ ಬ್ರಶ್ಶನ್ನು ಕತ್ತರಿಸಿ ಒಂದು ಹೊಲ ಬೆಳೆದೆವು. ಪ್ಲಾಟ್‌ಫಾರ್ಮಿನಲ್ಲಿ ಇಂಡಿ ಸೀಮೆಯ ಲಿಂಬೆಹಣ್ಣಿನ ಬುಟ್ಟಿ ಇರಬೇಡವೇ? ಸಾಸಿವೆ ದೊಡ್ಡದಾಗುತ್ತದೆ ಎಂದು ಲೆಕ್ಕ ಹೇಳಿತು. ನಮ್ಮ ಮನೆಯವರು ಗಸಗಸೆಗೆ ಅರಿಸಿನ ಬಳಿದು ತಂದಿಟ್ಟರು. ಅದು ಸರಿಯಾಗಿ ಒಪ್ಪಿತು.

ಈಗಿನ ಹವ್ಯಾಸಿಗಳು ಡಿಸಿಸಿ ಎಂಬ ಅಂಕೀಯ ಪದ್ಧತಿಯನ್ನು ಬಳಸುತ್ತಾರೆ. ಹಳಿಯಲ್ಲಿ ವಿದ್ಯುತ್ತು ಸದಾ ಇರುತ್ತದೆ. ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆಯಿದ್ದು, ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಅದು ಪಾಲಿಸುತ್ತದೆ. ಹಲವು ಗಾಡಿಗಳನ್ನು ಏಕಕಾಲಕ್ಕೆ ಓಡಿಸುವವರಿಗೆ ಅದು ವರದಾನ. ನಮ್ಮದು ಒಂಟಿ ದಾರಿ, ಒಂದೇ ಗಾಡಿ. ಗೆಳೆಯರ ಪೆಟ್ಟಿಗೆ ಸಾಕು. ಅದರ ತಂತಿಗಳನ್ನು ಮಾತ್ರ ಬಲ್ಲವರಿಂದ ಹೊಸದು ಹಾಕಿಸಿದ್ದೇವೆ.

ಬೇಸಿಗೆಯ ರಜೆಯಲ್ಲಿ ಪುಣೆಯಿಂದ ಮೊಮ್ಮಗಳು ಬಂದಿದ್ದಳು. ಹನ್ನೆರಡು ವರ್ಷ, ಇಂಗ್ಲಿಷ್ ಮಾಧ್ಯಮ, ಶಾಲೆಯಲ್ಲಿ ಮರಾಠಿ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಮೂವತ್ತೈದು ವರ್ಷ ಊರ ಮಕ್ಕಳಿಗೆ ಕನ್ನಡ ಕಲಿಸಿದವರ ಮನೆಯಲ್ಲಿ ಇದು ಆಡದೆ ಇರುವ ನೋವು. ಕಲಿಯೆಂದು ಹೇಳಿದರೆ ಅವಳಿಗೂ ಬೇಸರ, ಅವಳ ತಾಯಿಗೂ ಮುಜುಗರ. ಈ ಸಲ ನಾವು ಏನೂ ಹೇಳಲಿಲ್ಲ. ನಿಲ್ದಾಣದ ಫಲಕಕ್ಕೆ ಐದು ಮಿಲಿಮೀಟರಿನ ಅಕ್ಷರ ಬರೆಯಬೇಕಿತ್ತು. ನಮ್ಮ ಕೈಯಿಂದ ಅದು ಸಾಧ್ಯವಿರಲಿಲ್ಲ. ಕುಂಚವನ್ನು ಅವಳ ಕೈಗೆ ಕೊಟ್ಟೆವು. ‘ನಿಂಬಾಳ’ ಎಂದು ದೊಡ್ಡದಾಗಿ ಬರೆದು ತೋರಿಸಿದೆವು. ಅವಳು ಅದನ್ನು ಚಿತ್ರದಂತೆ ನಕಲಿಳಿಸುತ್ತ ಕೊನೆಯ ಅಕ್ಷರಕ್ಕೆ ಬಂದು ನಿಂತಳು. ಉಚ್ಚಾರ ಹೇಳಿದೆವು. “ಅಜ್ಜಾ, ಇದು ನಮ್ಮ ಮರಾಠಿಯೊಳಗೂ ಐತಿ, ಹೌದಿಲ್ಲೊ?” ಎಂದಳು. ಹೌದು. ಎರಡೂ ನುಡಿಗಳ ಬಾಯಲ್ಲಿ ಒಂದೇ ಸಮನೆ ಹೊರಳುವ ‘ಳ’ಕಾರವದು. ಅದೊಂದು ಅಕ್ಷರದ ಕೈಹಿಡಿದು ಅವಳು ಒಳಗೆ ಬಂದಳು. ಊರಿಗೆ ಮರಳುವ ಮೊದಲು ಲಚ್ಯಾಣ, ಇಂಡಿ ರೋಡ್, ಮಿಂಚನಾಳಗಳ ಫಲಕಗಳನ್ನೂ ಬರೆದಳು. ಅವಕ್ಕೆ ಹಲಗೆಯ ಮೇಲೆ ಜಾಗವಿಲ್ಲ, ಗೋಡೆಗೆ ಅಂಟಿಸಿದ್ದೇವೆ. ಮೊನ್ನೆ ಫೋನಿನಲ್ಲಿ, ಮುಂದಿನ ಸ್ಟೇಷನ್ನಿನ ಹೆಸರು ಕಳಿಸಿರೆಂದು ಕೇಳಿದಳು. ಗದಗದವರೆಗೆ ನಿಲ್ದಾಣಗಳು ಬಹಳ ಇವೆ, ದಿನಕ್ಕೊಂದರಂತೆ ಕಳಿಸುತ್ತಿದ್ದೇವೆ.

ಎಂಜಿನ್ನಿನ ಒಡಲು ಇನ್ನೂ ಅರ್ಧವಾಗಿದೆ. ಕೈಮರ ಏಳಬೇಕು, ಬೇವಿನ ಮರಕ್ಕೆ ಎಲೆ ಬರಬೇಕು. ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಆ ಮೀಟರ್‌ಗೇಜ್ ದಾರಿಯ ಹಳೆಯ ಛಾಯಾಚಿತ್ರ, ವೇಳಾಪತ್ರಿಕೆ, ದಪ್ಪ ರಟ್ಟಿನ ಟಿಕೇಟು ಯಾರ ಮನೆಯಲ್ಲಿಯಾದರೂ ಇದ್ದರೆ ನಮಗೊಮ್ಮೆ ತೋರಿಸಬೇಕು. ನೋಡಿ ಜೋಪಾನವಾಗಿ ಹಿಂದಿರುಗಿಸುತ್ತೇವೆ. ಬರುವಾಗ ಮಕ್ಕಳನ್ನೂ ಕರೆತನ್ನಿರಿ. ನಮ್ಮ ಲೇಔಟಿನಲ್ಲಿ ಮುಟ್ಟಬಾರದು ಎಂಬ ನಿಯಮವಿಲ್ಲ. ಬರೆಯಲು ಫಲಕಗಳೂ ಬೇಕಾದಷ್ಟಿವೆ.